ಗೋದಲಿ ಕೆಳಗಿನ ಗೊಂಬೆ

"ಆ ಕ್ವಾಣ್ಯಾಗ ಕಾಲಿಟ್ಟವರು ಮೂರು ದಿನ ಮರಿ ಮುಟ್ಟಬಾರದ್ರಿ," ಎಂದಳು ಮಲಿಕಾಬಿ, ಅಂಗಳದಂಚಿನ ಮುಚ್ಚಿದ ಲಾಯದ ಕೋಣೆ ತೋರಿಸಿ. "ಮಾಟದ ಮಣ್ಣು. ಹ್ವಾದ ವರ್ಷ ಒಂದ ವಾರದಾಗ ನನ್ನ ಮೂರು ಕುದುರಿ ಮರಿ ನುಂಗೈತಿ."

ವಿಜಯೀಂದ್ರ ನಕ್ಕುಬಿಟ್ಟ. ಮೈಸೂರು ಕಡೆಯಿಂದ ಅಣ್ಣಿಗೇರಿಗೆ ಹೊಸದಾಗಿ ಬಂದ ದನದ ಡಾಕ್ಟರು. ಓದಿದವರ ನಗು ಅದು, ಕೇಳಬೇಕೆ! ಮೆರವಣಿಗೆಗೆ ಕುದುರೆ ಕೊಡುವ ಆ ಮನೆಯ ಅಂಗಳದಲ್ಲಿ ನಾಲ್ಕು ದಿನದ ಕೆಂದು ಮರಿಯೊಂದು ತೂರಾಡುತ್ತ ತಾಯಿಯ ಕೆಚ್ಚಲು ಹುಡುಕುತ್ತಿತ್ತು. ಮಲಿಕಾಬಿಗೆ ಉಳಿದದ್ದು ಅದೊಂದೇ. ಅದನ್ನು ತೋರಿಸಲೆಂದೇ ಅವನನ್ನು ಕರೆಸಿದ್ದಳು.

"ಮಾಟ ಅಲ್ಲಮ್ಮ, ಕರುಳಿನ ರೋಗ. ನೋಡಿ, ಈಗಲೇ ತೋರಿಸ್ತೀನಿ."

"ಬ್ಯಾಡ್ರೀ ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ..."

ಅವನು ಕೋಣೆಯ ಅಗಳಿ ತೆಗೆದೇಬಿಟ್ಟ. ಮಟಮಟ ಮಧ್ಯಾಹ್ನದಲ್ಲೂ ಒಳಗೆ ಗವ್ವೆನ್ನುವ ಕತ್ತಲೆ. ಹಳೆಯ ಗಂಜಲದ ವಾಸನೆ, ಅದರಡಿ ಕೊಳೆತ ರಕ್ತದ ಸಿಹಿ ನಾತ. ಮೇವು ಹಾಕುವ ಗೋದಲಿಯ ಕೆಳಗಿನ ಮಣ್ಣು ಬೆಚ್ಚಗಿತ್ತು. ಬರಿಗೈಯಲ್ಲಿ ಕೆದರಿದ. ಬಾಲದ ಕೂದಲಲ್ಲಿ ಹೆಣೆದ ಕುದುರೆ ಗೊಂಬೆ ಸಿಕ್ಕಿತು. ಹೊಟ್ಟೆಯಲ್ಲಿ ಮೂರು ತುಕ್ಕು ಮೊಳೆ.

"ಇದಕ್ಕಾ ಇಷ್ಟು ಹೆದರಿದ್ದು?" ಗೊಂಬೆಯನ್ನು ಅಂಗಳದ ಕಟ್ಟೆಯ ಮೇಲೆಸೆದ. ನಗುತ್ತಲೇ ಕೈಯನ್ನು ಪ್ಯಾಂಟಿಗೆ ಒರೆಸಿ, ಚೀಪುವ ಶಕ್ತಿ ನೋಡಲು ಮರಿಯ ಬಾಯಿಗೆ ಬೆರಳಿಟ್ಟ. ಮರಿ ಆಸೆಯಿಂದ ಚೀಪಿತು. ತಾಯಿ ಕುದುರೆ ಕಿವಿ ಹಿಂದಕ್ಕೆ ಮಡಚಿ ಕಿರುಚಿತು.

"ಯಾ ಅಲ್ಲಾ," ಎಂದಳು ಮಲಿಕಾಬಿ. ಅವಳ ಮುಖ ಬಿಳಚಿತ್ತು.

ಮರುದಿನ ಮಲಿಕಾಬಿಯ ಫೋನು ಬಂತು. ಓಣಿಯ ತಿರುವಿನಲ್ಲೇ ಅದೇ ನಾತ ಎದುರಾಯಿತು. ಮರಿ ರಕ್ತ ಭೇದಿಯಲ್ಲಿ ತೊಯ್ದು ಬಿದ್ದಿತ್ತು. ಹೊಟ್ಟೆ ಬಿಗಿದಿತ್ತು. ಸಲೈನ್ ಏರಿಸಿದ. ಇಂಜೆಕ್ಷನ್ ಕೊಟ್ಟ. ಮತ್ತೊಂದು ಕೊಟ್ಟ.

"ಬದುಕತೈತೇನ್ರಿ?"

ಮಣ್ಣಿನಲ್ಲಿ ರೋಗವಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ತೊಳೆದಿರಲಿಲ್ಲ. ಮರಿಯ ತುಟಿ ಅವನ ಬೆರಳಿಗಾಗಿ ತಡಕಾಡಿತು. ಕೈ ಹಿಂದೆಳೆದ. ಮರಿಯ ಕಾಲು ಒದ್ದಾಡಿತು. ಉಸಿರು. ಇನ್ನೊಂದು. ಅಷ್ಟೇ.

ತಲೆ ಎತ್ತಿದ. ಗೊಂಬೆ ಕಟ್ಟೆಯ ಮೇಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಮೊಳೆ ಎಣಿಸಿದ. ಒಂದು, ಎರಡು, ಮೂರು. ಮತ್ತೆ ಎಣಿಸಿದ. ನಾಲ್ಕು. ನಾಲ್ಕನೆಯದಕ್ಕೆ ತುಕ್ಕಿರಲಿಲ್ಲ.

ಮಲಿಕಾಬಿ ಬಯ್ಯಲಿಲ್ಲ. ಅಳುತ್ತಲೇ ತಂಬಿಗೆ ತಂದು ಅವನ ಕೈಗೆ ನೀರು ಹಾಕಿದಳು. ಎಷ್ಟು ಉಜ್ಜಿದರೂ ನಾತ ಹೋಗಲಿಲ್ಲ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹತ್ತಿರದ ತಿರ್ಲಾಪುರ ಊರಿನವರು. "ಸರ್, ನಮ್ಮ ಕುದುರಿ ಈಗಷ್ಟ ಮರಿ ಈದೈತಿ. ಲಗೂನ ಬರ್ರಿ."

ಅವನು ಒದ್ದೆ ಕೈಯನ್ನು ಮೂಸಿ ನೋಡಿದ.

"ಬೇರೆ ಡಾಕ್ಟರನ್ನ ಕರೀರಿ," ಎಂದ. "ಮೂರು ದಿನ ನಾನು ಮರಿ ಮುಟ್ಟಬಾರದು."