ಹದಿನಾರು ಹಲ್ಲಿನ ಗೇರ್

ಟಪ್ಪೆಂದು ಸದ್ದಾಯಿತು. ಕೈ ವ್ಯಾಯಾಮದ ಯಂತ್ರದ ಮುಂದೆ ಕೂತಿದ್ದ ದುಗ್ಗಮ್ಮ ಚೀರಿ ಹಣೆ ಹಿಡಿದುಕೊಂಡರು. ಬೆರಳ ಸಂದಿಯಿಂದ ರಕ್ತ ಇಳಿಯಿತು.

ಸಾಗರದ ಆ ಫಿಸಿಯೋಥೆರಪಿ ಕೇಂದ್ರದಿಂದ ಫೋನ್ ಬಂದಾಗ ಸುಪ್ರಿಯಾ ಹೊಸನಗರದ ತನ್ನ ವರ್ಕ್‌ಶಾಪಿನಲ್ಲಿದ್ದಳು. ಕೆಲಸದ ಭೂತಪ್ಪನವರನ್ನು ಕರೆದುಕೊಂಡು ಕೂಡಲೇ ಹೊರಟಳು. ಇಪ್ಪತ್ತೈದು ವರ್ಷ ಲೇತ್ ನಡೆಸಿ, ಐವತ್ತು ದಾಟಿದ ಮೇಲೆ ಅವಳ ಹತ್ತಿರ ತ್ರೀಡಿ ಪ್ರಿಂಟರ್ ಕಲಿತವರು ಅವರು.

ಲಕ್ವಾ ಹೊಡೆದ ಕೈಗೆ ಮತ್ತೆ ಬಲ ಬರಿಸುವ ಯಂತ್ರ ಅದು. ಮಕ್ಕಳ ಬಿಲ್ಡಿಂಗ್ ಬ್ಲಾಕ್‌ಗಳಿಂದಲೇ ಕಟ್ಟಿದ್ದು. ಒಬ್ಬೊಬ್ಬರ ಕೈಗೆ ತಕ್ಕಂತೆ ಬಿಚ್ಚಿ ಜೋಡಿಸಬಹುದು. ಆದರೆ ಆಟಿಕೆಯ ಗೇರ್ ದೊಡ್ಡವರ ಕೈಗೆ ತಾಳುವುದಿಲ್ಲ. ಅದಕ್ಕೇ ಸುಪ್ರಿಯಾ ಅದೇ ಬ್ಲಾಕ್‌ಗಳಿಗೆ ಸರಿಯಾಗಿ ಕೂರುವ ನೈಲಾನ್ ಗೇರ್ ರೂಪಿಸಿದ್ದಳು. ಐವತ್ತು ಸಾವಿರ ಸುತ್ತು ತಿರುಗಿಸಿ ನೋಡಿದ್ದಳು. ಅದೀಗ ಮೂರನೇ ದಿನಕ್ಕೇ ಒಡೆದಿತ್ತು!

"ಗೇರಿನ ಚೂರು ದುಗ್ಗಮ್ಮನ ಕಣ್ಣಿಂದ ಒಂದಿಂಚು ಮೇಲೆ ಬಡಿದಿದೆ. ಮೂರು ಹೊಲಿಗೆ," ಎಂದಳು ಫಿಸಿಯೋಥೆರಪಿಸ್ಟ್ ಸುಮನಾ. "ಹನ್ನೆರಡಕ್ಕೆ ನಮ್ಮ ಕೇಂದ್ರದ ಕಮಿಟಿಯವ್ರು ಬರ್ತಾರೆ. ನಿಮ್ಮಿಂದ ತಗೊಂಡ ಆರೂ ಮಿಷನ್ ವಾಪಸ್ ಕಳಿಸ್ತಾರೆ. ಪೊಲೀಸ್ ಕಂಪ್ಲೇಂಟೂ ಆಗ್ಬಹುದು."

ಗಡಿಯಾರದಲ್ಲಿ ಹನ್ನೊಂದೂ ಹತ್ತು.

ಯಂತ್ರಗಳನ್ನು ಮಾರುವ ತೀರ್ಥಹಳ್ಳಿಯ ಮಧುಸೂದನ ಆಗಲೇ ಬಂದಿದ್ದ. "ಡಿಸೈನಲ್ಲೇ ಎಂತದೋ ತಪ್ಪಿದೆ ಸುಪ್ರಿಯಾ ಅವ್ರೇ," ಎಂದ.

ಅವಳು ಚೂರುಗಳನ್ನು ಜೋಡಿಸಿ ನೋಡಿದಳು. ಹಲ್ಲು ಹದಿನಾರು. ದಪ್ಪ ಸರಿ. ಬಣ್ಣ ಅದೇ ಕಪ್ಪು. ಮತ್ತೆ ಒಡೆದದ್ದು ಹೇಗೆ?

"ಇಲ್ಲಿ ಕೊಡು, ನೋಡಣ."

ಸುಪ್ರಿಯಾ ತಿರುಗಿದಳು. ಜಟ್ಟಿಂಗಪ್ಪ ಮೇಷ್ಟ್ರು! ಐಟಿಐಯಲ್ಲಿ ಅವಳಿಗೆ ಲೋಹ ಉಜ್ಜುವ ಅರ ಹಿಡಿಯಲು ಕಲಿಸಿದವರು. ಈಗ ಭುಜದ ನೋವಿಗೆ ಇಲ್ಲಿಗೆ ಬರುತ್ತಿದ್ದರು. ಒಡೆದ ಹಲ್ಲೊಂದನ್ನು ಲೋಟಕ್ಕೆ ಹಾಕಿ, ಫ್ಲಾಸ್ಕಿನಿಂದ ಕುದಿನೀರು ಸುರಿದರು. ಸುಪ್ರಿಯಾ ಬ್ಯಾಗಿನಲ್ಲಿದ್ದ ಮಾದರಿ ಗೇರನ್ನೂ ಅದರೊಳಗೆ ಬಿಟ್ಟಳು.

ಎರಡು ನಿಮಿಷ. ಮಾದರಿ ಗೇರ್ ಗಟ್ಟಿಯಾಗೇ ಇತ್ತು. ಹಲ್ಲು ಮಾತ್ರ ಮೇಷ್ಟ್ರ ಬೆರಳಿನಲ್ಲಿ ಮೇಣದಂತೆ ಬಾಗಿತು.

"ಇದು ನೈಲಾನೇ ಅಲ್ಲ. ಸಾದಾ ಪ್ಲಾಸ್ಟಿಕ್!" ಎಂದಳು ಸುಪ್ರಿಯಾ. "ಯಾರೋ ಗೇರ್ ಬದಲಾಯಿಸಿದಾರೆ ಸರ್."

"ಗೇರಿನ ಪೆಟ್ಟಿಗೆ ಯಾರ್ಯಾರ ಕೈಗೆ ಹೋಗಿತ್ತು?"

"ಭೂತಪ್ಪಣ್ಣ ಪ್ರಿಂಟ್ ಮಾಡಿ ಕಟ್ಟಿಟ್ರು. ನಾನು ನಾಲ್ಕು ದಿನ ತೀರ್ಥಹಳ್ಳಿ ಕಾಲೇಜಲ್ಲಿ ಪಾಠ ಮಾಡ್ತಿದ್ದೆ. ಮಧುಸೂದನ ಅವ್ರು ತಗೊಂಡ್ ಹೋದ್ರು."

"ಒಂದಿನ ನಮ್ಮನೇಲಿತ್ತು. ಮಾರನೇ ದಿನ ಇಲ್ಲಿಗೆ ತಂದೆ," ಎಂದ ಮಧುಸೂದನ.

"ಜೋಡಿಸಿದ್ದು ನಾನು," ಎಂದಳು ಸುಮನಾ.

ಸುಪ್ರಿಯಾ ಮಧುಸೂದನನ ಕಡೆ ತಿರುಗಿದಳು. "ನಿಮ್ಮನೇಲೂ ಪ್ರಿಂಟರ್ ಇದೆಯಲ್ವಾ?"

"ಇದೆ. ಎಂತ, ನಾನೇ ಬದಲಾಯಿಸಿದೆ ಅಂತ್ಲಾ?"

"ನೈಲಾನ್ ಯಾಕೆ, ಸಾದಾ ಪ್ಲಾಸ್ಟಿಕ್ ಸಾಕು ಅಂದಿದ್ದು ನೀವೇ ತಾನೆ?"

"ಅಂದಿದ್ದೆ. ನೀವು ಬೇಡ ಅಂದ್ರಿ—ಬಿಟ್ಟೆ!" ಅವನ ಮುಖ ಕೆಂಪೇರಿತು.

"ತಡಿರಿ ಇಬ್ರೂ," ಎಂದರು ಮೇಷ್ಟ್ರು.

ಒಡೆದ ಗೇರಿನ ನಡುವಿನ ತೂತಿನಲ್ಲಿ ಪ್ಲಸ್ ಆಕಾರದ ಕಡ್ಡಿ ಇನ್ನೂ ಸಿಕ್ಕಿಕೊಂಡಿತ್ತು. ಮೇಷ್ಟ್ರು ಅದನ್ನು ಮೆಲ್ಲಗೆ ಹೊರಗೆಳೆದರು. ಗೇರನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಾದರಿಯನ್ನು ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು.

"ನೀನು ಹಲ್ಲು ಎಣಿಸಿದೆ. ತೂತಿನ ಒಳಗೆ ನೋಡ್ಲಿಲ್ಲ. ಈಗ ನೋಡು."

ಸುಪ್ರಿಯಾ ಬಗ್ಗಿ ನೋಡಿದಳು. ಮಾದರಿಯಲ್ಲಿ ತೂತಿನ ಒಳಮೂಲೆಗಳು ಕೂದಲೆಳೆಯಷ್ಟು ದುಂಡಗಿದ್ದವು. ಒಡೆದದ್ದರಲ್ಲಿ ಚೂಪಾಗಿದ್ದವು. ಬಿರುಕು ಆ ಚೂಪಿನಿಂದಲೇ ಹೊರಟಿತ್ತು.

"ಮೂಲೆ ಯಾವಾಗ ದುಂಡು ಮಾಡಿದ್ದು?"

"ಮಾರ್ಚಲ್ಲಿ ಸರ್. ಮೊದಲಿನ ಡ್ರಾಯಿಂಗಲ್ಲಿ ಅಲ್ಲೇ ಬಿರುಕು ಬಿಡ್ತಿತ್ತು."

"ಮಧುಸೂದನ ಅವ್ರಿಗೆ ಡ್ರಾಯಿಂಗ್ ಕೊಟ್ಟಿದ್ದು?"

"ಮೇ ತಿಂಗಳು. ದುಂಡು ಮೂಲೆಯದ್ದೇ."

"ಸುಮನಾಗೆ?"

"ಕೊಟ್ಟೇ ಇಲ್ಲ."

"ಹಾಗಾದ್ರೆ ಹಳೇ ಡ್ರಾಯಿಂಗ್ ಎಲ್ಲಿದೆ?"

"ಎಲ್ಲೂ ಇಲ್ಲ. ಕಂಪ್ಯೂಟರಿಂದ ಅಳಿಸಿದ್ದೆ..." ಅವಳಿಗೆ ತಟ್ಟನೆ ನೆನಪಾಯಿತು. ವರ್ಕ್‌ಶಾಪಿನ ಮೂಲೆಯಲ್ಲೊಂದು ಹಳೆಯ ಚಿಕ್ಕ ಪ್ರಿಂಟರ್. ಅದರ ಮೆಮೊರಿ ಕಾರ್ಡನ್ನು ಅವಳು ಅಳಿಸಿರಲೇ ಇಲ್ಲ. ಮೇಷ್ಟ್ರಿಗೂ ಅದನ್ನೇ ಹೇಳಿದಳು.

"ಗೇರ್ ತೀರ್ಥಹಳ್ಳೀಲೂ ಬದಲಾಗಿಲ್ಲ, ಸಾಗರದಲ್ಲೂ ಇಲ್ಲ," ಎಂದರು ಮೇಷ್ಟ್ರು. "ಹೊಸನಗರದಿಂದ ಹೊರಡೋವಾಗ್ಲೇ ಇದು ಹಿಂಗಿತ್ತು. ಹಳೇ ಡ್ರಾಯಿಂಗ್ ಇದ್ದ ಜಾಗದಲ್ಲಿ ಆ ನಾಲ್ಕು ದಿನ ಇದ್ದಿದ್ದು ಒಬ್ರೇ. ಅಲ್ವಾ ಭೂತಪ್ಪ?"

ಭೂತಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಪ್ರಿಂಟರಿಗೆ ಹಾಕೋ ನೈಲಾನ್ ದಾರದ ಸುರುಳೀನ ಡಬ್ಬಿಗೆ ಹಾಕಿ ಮುಚ್ಚೋದು ಮರ್ತುಬಿಟ್ಟೆ," ಎಂದರು ಕೊನೆಗೆ. "ಮಳೆ ಹಿಡಿದಿತ್ತಲ್ಲ, ತೇವ ಎಳ್ಕೊಂಡ್ಬಿಡ್ತು. ಪ್ರಿಂಟ್ ಹಾಕಿದ್ದೆಲ್ಲ ಗುಳ್ಳೆ ಗುಳ್ಳೆ. ಪೆಟ್ಟಿಗೆ ಕೊಡೋ ದಿನ ಬಂದಿತ್ತು. ಚಿಕ್ಕ ಮಿಷನಲ್ಲಿ ಸಾದಾ ಪ್ಲಾಸ್ಟಿಕ್ ಹಾಕಿ ತೆಗೆದೆ. ಮೂಲೆ ನಂಗೆ ಗೊತ್ತಾಗ್ಲಿಲ್ಲ ಕಣಮ್ಮ."

"ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಭೂತಪ್ಪಣ್ಣ!"

"ಈ ವಯಸ್ಸಿಗೆ ಇವ್ನಿಗೆ ಇದೆಲ್ಲ ಬರಲ್ಲ ಅಂತ ಮನೆಗೆ ಕಳಿಸ್ತೀಯೇನೋ ಅಂತ..."

ಸುಪ್ರಿಯಾಳಿಗೆ ಮಧುಸೂದನನ ಮುಖ ನೋಡಲು ನಾಚಿಕೆಯಾಯಿತು. "ತಪ್ಪು ತಿಳ್ಕೊಂಡೆ, ಕ್ಷಮಿಸಿ," ಎಂದಳು. ಅವನು ಗೋಣು ಹಾಕಿದ.

ಹೊರಗೆ ಕಾರು ನಿಂತ ಸದ್ದು. ಕಮಿಟಿಯವರು.

ಭೂತಪ್ಪ ಜೇಬಿನಿಂದ ವರ್ಕ್‌ಶಾಪಿನ ಕೀಲಿ ತೆಗೆದು ನೀಡಿದರು. ಸುಪ್ರಿಯಾ ತೆಗೆದುಕೊಂಡಳು.

"ಈಗ ಹೇಳಿದ್ದನ್ನ ಒಳಗೆ ಬಂದು ಅವ್ರ ಮುಂದೆ ಹೇಳಿ. ದುಗ್ಗಮ್ಮನ ಮುಂದೂ ಹೇಳಿ. ನಾನು ಪಕ್ಕದಲ್ಲೇ ಇರ್ತೀನಿ."

"ಆಮೇಲೆ?"

"ನಾಳೆ ಎಂಟಕ್ಕೆ ಬನ್ನಿ. ಆರು ಮಿಷನ್ನಿಗೂ ಹೊಸ ಗೇರ್ ಆಗ್ಬೇಕು. ಸದ್ಯಕ್ಕೆ ಬಾಗಿಲು ನಾನೇ ತೆಗೀತೀನಿ."