ಕೊಡೆ ಹಿಡಿದು ಹಾರಿದ ಮುತ್ತಜ್ಜ

"ಟೀಚರ್, ಇದು ಸೀಸನ್ ತ್ರೀ. ನಾನು ನೋಡಿದ್ದೇನೆ," ಎಂದು ಸ್ವಪ್ನಿಲ್ ಬೆಂಚಿನ ಮೇಲೆ ಹತ್ತಿಯೇ ನಿಂತುಬಿಟ್ಟ.

ರೇಣು ಚಾರ್ಟ್ ಹಿಡಿದುಕೊಂಡು ಇಡೀ ತರಗತಿಯ ಮುಂದೆ ನಿಂತಿದ್ದಳು. ಚಾರ್ಟಿನ ಮೇಲ್ಗಡೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ 1936 ಎಂದು ಬರೆದಿತ್ತು. ಕೆಳಗೆ ಪಟಕಾ ಸುತ್ತಿದ, ಧೋತರ ಉಟ್ಟ ಒಬ್ಬ ಮನುಷ್ಯ ಕೊಡೆ ಬಿಚ್ಚಿಕೊಂಡು ರೈಲಿನಿಂದ ಕಣಿವೆಗೆ ಹಾರುತ್ತಿದ್ದ. ಅವನ ಇನ್ನೊಂದು ಕೈಯಲ್ಲಿ ಬದನೆಕಾಯಿಯಷ್ಟು ದೊಡ್ಡ ಹಸಿರು ಹರಳು.

ದೀಪಾಲಿ ಟೀಚರ್ ಕೊಟ್ಟ ಪ್ರಾಜೆಕ್ಟ್ ಸುಲಭದ್ದೇ. ಪ್ರತಿಯೊಬ್ಬರಿಗೂ ಒಂದೊಂದು ಹಳೆಯ ವರ್ಷ. ಆ ವರ್ಷ ದೇಶದಲ್ಲಿ ನಡೆದ ಎರಡು ಸಂಗತಿ ಬರೆಯಬೇಕು, ತಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಬರೆಯಬೇಕು. ಚೆನ್ನಾಗಿರುವ ಚಾರ್ಟುಗಳನ್ನು ಪಾಲಕರ ದಿನ ಗೋಡೆಗೆ ಹಚ್ಚುತ್ತಾರೆ. ಬರ್ಲಿನ್ ಒಲಿಂಪಿಕ್ಸಿನಲ್ಲಿ ನಮ್ಮ ಹಾಕಿ ತಂಡಕ್ಕೆ ಚಿನ್ನ ಬಂದದ್ದನ್ನು ರೇಣು ಬರೆದಿದ್ದಳು. ಒಡಿಶಾ ಬೇರೆ ಪ್ರಾಂತವಾದದ್ದನ್ನೂ ಬರೆದಿದ್ದಳು. ಅಲ್ಲಿಯತನಕ ಎಲ್ಲ ಸರಿಯಾಗಿಯೇ ಇತ್ತು.

ಮೂರನೆಯದು ಹೀಗಿತ್ತು: "ನಮ್ಮ ಮುತ್ತಜ್ಜ ಲೋಣಾವಳಾದ ಹತ್ತಿರ ಓಡುವ ರೈಲಿನಿಂದ ಹಾರಿ, ಕಳ್ಳರಿಂದ ಸುಲ್ತಾನನ ಪಚ್ಚೆಯನ್ನು ಉಳಿಸಿದರು."

"ಅದು ಕ್ಯಾಪ್ಟನ್ ದಿಗಂಬರ. ಟಿವಿಯಲ್ಲಿ ಬರುತ್ತದೆ. ಇವಳ ಮುತ್ತಜ್ಜ ಅಲ್ಲ," ಎಂದ ಸ್ವಪ್ನಿಲ್.

ಮಕ್ಕಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹಿಂದಿನ ಬೆಂಚಿನವನೊಬ್ಬ ಕಂಪಾಸ್ ಬಾಕ್ಸನ್ನು ತಲೆಯ ಮೇಲೆ ಕೊಡೆಯಂತೆ ಹಿಡಿದು ಕುಣಿದ. ರೇಣುವಿನ ಮುಖ ಇಂಗು ತಿಂದ ಮಂಗನಂತಾಯಿತು. ದೀಪಾಲಿ ಟೀಚರ್ ಮಾತ್ರ ನಗಲಿಲ್ಲ. ಮನೆಯಲ್ಲಿ ಇನ್ನೊಮ್ಮೆ ಕೇಳಿಕೊಂಡು ಬಾ, ಶನಿವಾರ ಮತ್ತೆ ಓದುವೆಯಂತೆ ಎಂದರು. ಅದು ಇನ್ನೂ ಕಷ್ಟದ ಮಾತು. ಅದೇ ಮಕ್ಕಳ ಎದುರು, ಅದೇ ಜಾಗದಲ್ಲಿ ಮತ್ತೆ ನಿಲ್ಲಬೇಕು. ಈ ಸಲವೂ ತಪ್ಪಿದರೆ ರೇಣು ಏಳನೆಯ ತರಗತಿಗೆ ಹೋದರೂ "ಸುಳ್ಳಿ" ಎಂಬ ಹೆಸರು ಬೆನ್ನು ಬಿಡುವುದಿಲ್ಲ.

ತಪ್ಪು ಯಾರದು? ಆಯಿಯದೇ. ರೇಣುವಿನ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. ಆಯಿಯ ಹೆಸರು ಕಾಶವ್ವ. ಮದುವೆಯಾಗಿ ಕನ್ನಡ ನಾಡಿನ ಇಂಡಿ ಎಂಬ ಊರಿನ ಕಡೆಯಿಂದ ಪುಣೆಗೆ ಬಂದು ಎಷ್ಟೋ ಕಾಲವಾಯಿತು. ತರಕಾರಿಯವನ ಜೊತೆ ಮರಾಠಿಯಲ್ಲೇ ಜಗಳವಾಡಿ ಗೆಲ್ಲುತ್ತಾಳೆ. ಆದರೆ ಊರಿನ ಒಂದು ಪದ್ಧತಿಯನ್ನು ಮಾತ್ರ ಬಿಟ್ಟಿಲ್ಲ. ಗಂಡನ ಹೆಸರಾಗಲಿ, ಮಾವನ ಹೆಸರಾಗಲಿ ಅವಳ ಬಾಯಿಂದ ಬರುವುದಿಲ್ಲ.

ಅವಳ ಮಾವ, ಅಂದರೆ ರೇಣುವಿನ ಮುತ್ತಜ್ಜನ ಹೆಸರು ದಿಗಂಬರ. ಇದರಿಂದಾದ ಫಜೀತಿ ಒಂದೆರಡಲ್ಲ. ದತ್ತನ ಗುಡಿಯಲ್ಲಿ ಎಲ್ಲರೂ ಆ ಹೆಸರು ಹಿಡಿದು ಭಜನೆ ಮಾಡುವಾಗ ಆಯಿ ಬಾಯಿ ಮುಚ್ಚಿಕೊಂಡು ಬರೀ ಚಪ್ಪಾಳೆ ತಟ್ಟುತ್ತಾಳೆ. ಈಗ ಟಿವಿಯ ಸಾಹಸವೀರನೂ ಅದೇ ಹೆಸರಿಟ್ಟುಕೊಂಡು ಬಂದಿದ್ದಾನೆ. ಆಯಿ ಏನು ಮಾಡಬೇಕು? ಅವನನ್ನೂ "ಮಾವನೋರು" ಎನ್ನುತ್ತಾಳೆ. ಅವನು ಕುದುರೆ ಏರಿ ಬಂದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾಳೆ.

ಪರೀಕ್ಷೆ ಮುಗಿಯುವವರೆಗೆ ರೇಣುವಿಗೆ ಟಿವಿ ಬಂದ್ ಎಂದು ಅಮ್ಮ ಹೇಳಿದ್ದಳು. ಹಾಗಾಗಿ ಪ್ರತಿದಿನದ ಕತೆಯನ್ನು ಸಂಜೆ ತಲೆಗೆ ಎಣ್ಣೆ ಹಚ್ಚುವಾಗ ಆಯಿಯೇ ಹೇಳುತ್ತಿದ್ದಳು. ಈ ಸೀಸನ್ನಿನ ಕತೆಯೆಲ್ಲ ನಡೆಯುವುದೂ 1936ರಲ್ಲೇ. ಅಂಥ ಒಂದು ಸಂಜೆ ರೇಣು, ಮೂವತ್ತಾರರಲ್ಲಿ ಮಾವನೋರು ಏನು ಮಾಡಿದರು ಎಂದು ಕೇಳಿದ್ದಳು. ಟಿವಿಯವನನ್ನೇ ಕೇಳುತ್ತಿದ್ದಾಳೆ ಎಂದುಕೊಂಡು ಆಯಿ ರೈಲು, ಕೊಡೆ, ಪಚ್ಚೆ ಎಲ್ಲ ಸವಿಸ್ತಾರವಾಗಿ ಹೇಳಿದ್ದಳು.

ರೇಣು ಮನೆಗೆ ಬಂದವಳೇ ಬ್ಯಾಗು ಎಸೆದಳು. "ಆಯಿ, ನೀ ಹೇಳಿದ್ದೆಲ್ಲ ಸುಳ್ಳಂತ. ಎಲ್ಲಾರೂ ನಕ್ರು."

ಆಯಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ಚಾರ್ಟಿನ ಚಿತ್ರ ನೋಡಿದಳು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದಳು.

"ಇದು ಟಿವಿ ಮಾವನೋರದು," ಎಂದಳು. "ಖರೇ ಮಾವನೋರದು ಬ್ಯಾರೇನ ಅದ."

"ಮತ್ತ ನಮ್ಮ ಮಾವನೋರೂ ಲೋಣಾವಳಾದಾಗನ ಇಳದಿದ್ರು ಅಂದಿದ್ದಿ."

"ಇಳದಿದ್ರಲ್ಲ. ನಿದ್ದಿಗಣ್ಣಾಗ."

ಆಮೇಲೆ ಆಯಿ ಖರೇ ಕತೆ ಹೇಳಿದಳು. ಮುತ್ತಜ್ಜ ಇಂಡಿಯಿಂದ ಪುಣೆಗೆ ಹೊರಟಿದ್ದು 1936ರ ಮಳೆಗಾಲದಲ್ಲಿ. ಪುಣೆಯಲ್ಲಿ ಸೋದರಮಾವ ಕಿರಾಣಿ ಅಂಗಡಿಯಲ್ಲಿ ಕೆಲಸ ಕೊಡಿಸಿದ್ದ. ಮುತ್ತಜ್ಜ ರೊಟ್ಟಿ ಬುತ್ತಿಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದವನು ಏಳಲೇ ಇಲ್ಲ. ಪುಣೆ ಬಂತು, ಹೋಯಿತು. ಕಣ್ಣು ಬಿಟ್ಟಾಗ ಲೋಣಾವಳಾ. ಹೊರಗೆ ಧೋ ಎಂದು ಮಳೆ, ಒಳಗೆ ಟಿಕೆಟ್ ಕೇಳುವವನು ಬರುತ್ತಿದ್ದಾನೆ. ಮುತ್ತಜ್ಜ ನಿಂತ ರೈಲಿನಿಂದ ಹಾರಿ ಕಿತ್ತ ಓಟ. ಬುತ್ತಿಯೂ ರೈಲಿನಲ್ಲೇ ಮುಂಬೈಗೆ ಹೋಯಿತು.

ಮರಾಠಿ ಬಾರದು. ಬೆಲ್ಲದ ವಾಸನೆ ಹಿಡಿದು ನಡೆದರೆ ಸಿಕ್ಕಿದ್ದು ಚಿಕ್ಕಿ ಮಾಡುವ ಅಂಗಡಿ. ಅವರು ಊಟ ಹಾಕಿ, ಶೇಂಗಾ ಸುಲಿಯಲು ಕೂರಿಸಿದರು. ಮಳೆಗಾಲ ಮುಗಿಯುವವರೆಗೂ ಮುತ್ತಜ್ಜ ಅಲ್ಲೇ ಉಳಿದ. ಇತ್ತ ಊರಿನಲ್ಲಿ ಅವನನ್ನು ಹುಲಿ ತಿಂದಿತೆಂದು ಅತ್ತು ಮುಗಿಸಿದ್ದರು. ಕೊನೆಗೊಂದು ದಿನ ಚಿಕ್ಕಿಯ ಗಂಟು ಹೊತ್ತು ಪುಣೆಯ ಸೋದರಮಾವನ ಬಾಗಿಲಿಗೆ ಬಂದು ನಿಂತನಂತೆ.

ರೇಣುವಿಗೆ ಅಳುವೇ ಬಂತು. ಬೇರೆಯವರ ಮುತ್ತಜ್ಜಂದಿರು ಬಾವಿ ತೋಡಿಸಿದ್ದರು, ಕುಸ್ತಿ ಗೆದ್ದಿದ್ದರು. ತನ್ನ ಮುತ್ತಜ್ಜ ಗೊರಕೆ ಹೊಡೆದಿದ್ದ.

ಅಂಗಡಿಯಿಂದ ಬಂದ ಅಪ್ಪ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಂತೆ ಒಂದು ದಾರಿ ಹೇಳಿದ: ಮುತ್ತಜ್ಜ ಆ ವರ್ಷ ಪುಣೆಗೆ ಬಂದರು ಎಂದಷ್ಟೇ ಬರೆ, ನಿದ್ದೆಯ ಸುದ್ದಿ ಬೇಡ. ರೇಣುವಿಗೂ ಅದೇ ಸರಿ ಎನಿಸಿತು. ಆದರೂ ಒಂದು ಆಸೆ ಉಳಿದಿತ್ತು. ಆಯಿಯೇ ಶಾಲೆಗೆ ಬಂದು ಹೇಳಿದರೆ ಯಾರೂ ನಗುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಕೇಳಿಯೇಬಿಟ್ಟಳು.

"ನಿಮ್ಮ ಟೀಚರ್ ಮೊದಲ ಹೆಸರ ಕೇಳ್ತಾರ," ಎಂದಳು ಆಯಿ. "ನಾ ಏನಂತ ಹೇಳ್ಲಿ?"

"ಇಷ್ಟು ವರ್ಷ ಆತು. ಈಗ ಹೇಳಿದ್ರ ಏನಾಗ್ತದ?"

ಆಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟಳು. "ನಾಲಿಗಿ ಏಳೂದಿಲ್ಲವ್ವ. ನಾ ಸಣ್ಣಾಕಿ ಇದ್ದಾಗ ಬಂದೆ. ತಂದಿಗಿಂತ ಹೆಚ್ಚು ನೋಡಿಕೊಂಡ್ರು. ರೈಲಿನ ಕತಿ ಅವರ ಹೇಳಿ ಅವರ ನಗತಿದ್ರು, ಕಣ್ಣಾಗ ನೀರು ಬರೂಮಟ. ಆಗ ಮನಿಗೆ ಬಂದವರೆಲ್ಲ ಅವರ ಹೆಸರ ಹಿಡದ ಕರೀತಿದ್ರು. ಈಗ ಈ ಮನ್ಯಾಗ ಯಾರ ಕರೀತಾರ? ಟಿವಿಯಾಗ ಯಾರರ ಆ ಹೆಸರ ಕರದ್ರ, ಮಾವನೋರ ಬಾಗಲದಾಗ ಬಂದ ನಿಂತಂಗ ಅನಸ್ತದ. ಅದಕ್ಕ ನೋಡ್ತೀನಿ."

ಅಮ್ಮ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಅಪ್ಪ ತಟ್ಟೆ ನೋಡುತ್ತ ಕುಳಿತ. ಊಟವಾದ ಮೇಲೆ ರೇಣು ಹೊಸ ಚಾರ್ಟ್ ಪೇಪರ್ ಬಿಚ್ಚಿದಳು.

ಶನಿವಾರ ರೇಣು ಎದ್ದು ನಿಂತಾಗಲೇ ಕಿಸಿಕಿಸಿ ಶುರುವಾಯಿತು. ಕೊಡೆ ಎಲ್ಲಿ ಎಂದು ಸ್ವಪ್ನಿಲ್ ಕೇಳಿದ. ಕೊಡೆ ಇರಲಿಲ್ಲ, ಅದಕ್ಕೇ ಪೂರ್ತಿ ನೆನೆದರು ಎಂದಳು ರೇಣು. ಆಮೇಲೆ ಗಟ್ಟಿಯಾಗಿ ಓದಿದಳು. ಗೊರಕೆಯನ್ನು ಬಿಡಲಿಲ್ಲ, ಮುಂಬೈಗೆ ಹೋದ ರೊಟ್ಟಿಯನ್ನು ಬಿಡಲಿಲ್ಲ, ಹೆದರಿ ಓಡಿದ್ದನ್ನೂ ಬಿಡಲಿಲ್ಲ. ತರಗತಿ ಬಿದ್ದು ಬಿದ್ದು ನಕ್ಕಿತು, ದೀಪಾಲಿ ಟೀಚರೂ ಈ ಸಲ ನಕ್ಕರು. ಆದರೆ ಈ ನಗುವಿಗೆ ರೇಣುವಿನ ಕಿವಿ ಬಿಸಿಯಾಗಲಿಲ್ಲ. ನನ್ನ ಕಾಕಾ ಕೂಡ ಲೋಕಲ್‌ನಲ್ಲಿ ಮಲಗಿ ಎಲ್ಲೆಲ್ಲೋ ಇಳಿಯುತ್ತಾನೆ ಎಂದು ಸ್ವಪ್ನಿಲ್ ಶುರುಮಾಡಿದ. ಅವನನ್ನು ಕೂರಿಸುವುದೇ ಕಷ್ಟವಾಯಿತು.

ಪಾಲಕರ ದಿನಕ್ಕೆ ಚಾರ್ಟ್ ಆಯ್ಕೆಯಾಯಿತು. ಅದಕ್ಕೂ ಮೊದಲು ಒಂದು ದಿನ ಮನೆಗೆ ಒಯ್ಯುತ್ತೇನೆ ಎಂದು ರೇಣು ಕೇಳಿಕೊಂಡಳು.

ಸಂಜೆ ಆಯಿಯ ಮುಂದೆ ಚಾರ್ಟ್ ಹಾಸಿ ಕುಳಿತಳು. ಮರಾಠಿಯಲ್ಲಿ ಬರೆದದ್ದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದಳು. "ನಮ್ಮ ಮುತ್ತಜ್ಜನ ಹೆಸರು ದಿಗಂಬರ. ಪುಣೆಗೆ ಹೊರಟಾಗ ದಿಗಂಬರನಿಗೆ ಭಾಳ ನಿದ್ದೆ ಬಂದಿತ್ತು. ರೈಲು ಲೋಣಾವಳಾಕ್ಕೆ ಬಂದರೂ ದಿಗಂಬರ ಎದ್ದಿರಲಿಲ್ಲ." ಸಾಲಿಗೊಂದು ಸಲ ಹೆಸರು ಬರುವಂತೆ ಅವಳು ಬರೆದಿದ್ದಳು. ಒಂದೇ ಹೆಸರು ಇಷ್ಟು ಸಲ ಯಾಕೆ ಎಂದು ಟೀಚರ್ ಕೇಳಿದ್ದರು. ಇರಲಿ ಟೀಚರ್ ಎಂದಿದ್ದಳು.

ಓದಿ ಮುಗಿದಾಗ ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು.

"ಕಿವಿ ಮಂದ ಆಗ್ಯಾವ ನೋಡವ್ವ," ಎಂದಳು. "ಸರಿ ಕೇಳಸ್ಲಿಲ್ಲ. ಇನ್ನೊಮ್ಮೆ ಓದು."

ಪಕ್ಕದ ಮನೆಯಲ್ಲಿ ಡಬ್ಬಿ ಮುಚ್ಚಳ ತೆಗೆದರೂ ಆಯಿಗೆ ಕೇಳಿಸುತ್ತದೆ. ಅದು ರೇಣುವಿಗೆ ಗೊತ್ತು. ಅವಳು ಚಾರ್ಟನ್ನು ಹತ್ತಿರಕ್ಕೆ ಎಳೆದುಕೊಂಡು, ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು.