ಮಾ ದೊಕ್ಸುವಿನ ಹತ್ತು ಉಗುರು

ಮಾರ್ಚ್ ಒಂಬತ್ತರ ಬೆಳಿಗ್ಗೆ ಮೊಕ್ಪೋ ಬಂದರಿನ ಠಾಣೆಗೆ ಬಂದ ಮಾ ದೊಕ್ಸುವಿನ ತಂಗಿ ಮಾ ಬೊಂಗ್ನ್ಯೋ, ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಮ್ಮಣ್ಣನಿಗೆ ಯಾರೋ ವಿಷ ಹಾಕ್ತಿದ್ದಾರೆ. ಬರ್ಕೊಳ್ಳಿ.”

“ಆಸ್ಪತ್ರೆಯವರು ಏನಂದ್ರು?” ಇನ್‌ಸ್ಪೆಕ್ಟರ್ ಪ್ಯೋ ಸೊನ್‌ಹಿ ಕೇಳಿದಳು.

“ಹೊಟ್ಟೆಹುಣ್ಣಂತೆ. ಮೂವತ್ತು ವರ್ಷ ಮೀನು ದೋಣಿ ನಡೆಸಿದವನು ಮೇಡಂ, ಬಿರುಗಾಳೀಲೂ ವಾಂತಿ ಮಾಡ್ಕೊಂಡವನಲ್ಲ. ಈಗ ಅಂಗಳ ದಾಟೋಕೆ ಗೋಡೆ ಹಿಡೀತಾನೆ.”

ದೂರು ದಾಖಲಾಯಿತು. ಪ್ಯೋ ಕಾನ್‌ಸ್ಟೆಬಲ್ ಗಿಲ್‌ನನ್ನು ಕರೆದುಕೊಂಡು ಮನೆಗೆ ಹೋದಳು. ಚಳಿಗೆಂದು ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ ಮಲಗಿದ್ದ ದೊಕ್ಸು ಗೊಣಗುತ್ತ ಎದ್ದು ಕೂತ. ಹೆಂಡತಿ ಒಕ್ ಮಿಲ್ಲೆ ಬಾರ್ಲಿ ಚಹಾ ತಂದಿಟ್ಟಳು. ಲೋಟಕ್ಕೆ ಚಾಚಿದ ಅವನ ಕೈಯನ್ನು ಪ್ಯೋ ಕಿಟಕಿಯ ಬೆಳಕಿಗೆ ತಿರುಗಿಸಿದಳು. ಪ್ರತಿ ಉಗುರಿನಲ್ಲೂ ಅಡ್ಡಲಾಗಿ ಮೂರು ಬಿಳಿ ಗೆರೆ. ಹತ್ತರಲ್ಲೂ ಒಂದೇ ಅಂತರ.

“ಬಾಗಿಲಿಗೆ ಸಿಕ್ಕಿಸ್ಕೊಂಡಿದ್ರಾ ಯಜಮಾನ್ರೆ?” ಗಿಲ್ ಕೇಳಿದ.

“ಹತ್ತೂ ಬೆರಳನ್ನಾ? ಹುಚ್ಚು ಹಿಡಿದಿದ್ಯಾ ನನಗೆ?”

ದೊಕ್ಸುವನ್ನು ಆಸ್ಪತ್ರೆಗೆ ಸೇರಿಸಿ, ಪಂಚರ ಮುಂದೆ ಉಗುರಿನ ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂತು: ಪಾಷಾಣ. ಎಫ್‌ಐಆರ್ ಆಯಿತು.

“ವಿಷ ಒಳಗೆ ಹೋದಾಗ ಉಗುರಿನ ಬುಡ ಒಂದಿಷ್ಟು ತಡವರಿಸುತ್ತೆ,” ಪ್ರಯೋಗಾಲಯದ ಡಾಕ್ಟರ್ ತಾಕ್ ಉಗುರುಗಳ ಫೋಟೋದ ಮೇಲೆ ಅಳತೆಪಟ್ಟಿ ಇಟ್ಟರು. “ಆ ಗುರುತು ಉಗುರಿನ ಜೊತೆ ಮೇಲಕ್ಕೆ ಬೆಳೀತಾ ಬರುತ್ತೆ. ರಕ್ತದಲ್ಲಿ ನಾಲ್ಕು ದಿನಕ್ಕೆ ಏನೂ ಉಳಿಯಲ್ಲ. ಇಲ್ಲಿ ನೋಡಿ. ಇದು ಅಕ್ಟೋಬರ್ ಕೊನೆ. ಇದು ಡಿಸೆಂಬರ್. ಇದು ಹೊಸ ವರ್ಷ ಕಳೆದ ಮೇಲೆ.”

ಆ ಮನುಷ್ಯ ಉಂಡು, ಮಲಗಿ, ಜಗಳವಾಡಿಕೊಂಡಿದ್ದ. ಅವನಿಗೇ ತಿಳಿಯದ್ದನ್ನು ಅವನ ಕೈಗಳು ಇಡೀ ಚಳಿಗಾಲ ಹೊತ್ತು ತಿರುಗಿದ್ದವು. ತನ್ನ ಉಗುರುಗಳನ್ನೂ ಪ್ಯೋ ಒಮ್ಮೆ ನೋಡಿಕೊಂಡಳು.

ನೇರ ದೊಕ್ಸುವಿನ ಮಂಚದ ಬಳಿಗೆ ಹೋದಳು.

“ಅಕ್ಟೋಬರ್ ಕೊನೇಲಿ ಏನಾಯ್ತು?”

“ದೋಣಿ ಹೊರಡೋ ಹಿಂದಿನ ದಿನ ಮಲಗಿಬಿಟ್ಟೆ. ದೋಣಿ ಆಳುಗಳೇ ಹೋದ್ರು.”

“ಡಿಸೆಂಬರ್?”

“ಆಗಲೂ ಅದೇ.”

“ಜನವರಿ?”

ದೊಕ್ಸು ಗೋಡೆಯ ಕಡೆ ಹೊರಳಿದ. “ಪ್ರತಿ ಸಲ ಹೊರಡೋ ಮುಂಚೆ ನನ್ನ ಹೆಂಡ್ತಿ ಚಿಪ್ಪುಮೀನಿನ ಗಂಜಿ ಮಾಡ್ತಾಳೆ.”

ಮನೆಯ ಸೌದೆ ರಾಶಿಯ ಹಿಂದೆ ಹಳೆಯ ಇಲಿಪಾಷಾಣದ ಡಬ್ಬಿ ಸಿಕ್ಕಿತು. ಪಂಚನಾಮೆ ಬರೆಯುವಾಗಲೇ ಮಿಲ್ಲೆ ಸೊಂಟದ ಅಡುಗೆಬಟ್ಟೆ ಬಿಚ್ಚಿ ಮಡಿಸಿಟ್ಟಳು.

“ಸಾಯಲಿ ಅಂತಾನಾ?” ಪ್ಯೋ ಕೇಳಿದಳು.

“ಸಾಯೋಕಲ್ಲಮ್ಮ, ಸಮುದ್ರಕ್ಕೆ ಹೋಗದೆ ಇರ್ಲಿ ಅಂತ. ಚಿಟಿಕೆಗಿಂತಲೂ ಕಡಿಮೆ ಹಾಕ್ತಿದ್ದೆ. ನನ್ನ ತಮ್ಮ ಇವರ ದೋಣಿಯಿಂದಲೇ ನೀರಿಗೆ ಬಿದ್ದ. ಹೆಣ ಕೂಡ ಸಿಗ್ಲಿಲ್ಲ. ಹೋಗೋದು ಬೇಡ ಅಂದೆ, ಅತ್ತು ಕಾಲಿಗೆ ಬಿದ್ದೆ. ಕೇಳಲಿಲ್ಲ ಇವರು.” ಅವಳು ತಲೆ ತಗ್ಗಿಸಿದಳು. “ಇವರು ಪಕ್ಕದಲ್ಲಿ ನರಳ್ತಾ ಮಲಗಿದ್ರೆ ನನಗೆ ನಿದ್ದೆ ಬರ್ತಿತ್ತು.”

ಅವಳನ್ನು ಬಂಧಿಸಿದರು. ಸಂಜೆ ಹೇಳಿಕೆಗೆ ಸಹಿ ಪಡೆಯಲು ಪ್ಯೋ ಆಸ್ಪತ್ರೆಗೆ ಹೋದಾಗ ದೊಕ್ಸುವಿನ ಬೆರಳಲ್ಲಿ ಪೆನ್ನು ನಿಲ್ಲಲಿಲ್ಲ. ಹೆಬ್ಬೆಟ್ಟು ಒತ್ತಿದ.

“ಮೇಡಂ,” ಎಂದ. “ಗಾಳಿ ಸದ್ದಿಗೆ ಅವಳು ಹೆದರ್ತಾಳೆ. ಸಮುದ್ರದ ಕಡೆ ಕಿಟಕಿ ಇಲ್ಲದ ಕೋಣೆ ಕೊಡಿ.”